ರಬ್ಬರ್ ಬಾತುಕೋಳಿಗೆ ನಕ್ಕವನ ಫೋಟೋ

ಮಾನ್ಯ ಸುದ್ದಿ ಮುಖ್ಯಸ್ಥರೇ,

ನಿಮ್ಮ ವಾಹಿನಿ ಐದು ವರ್ಷಗಳಿಂದ ಒಬ್ಬ ಕೊಲೆಗಾರನ ಫೋಟೋ ತೋರಿಸುತ್ತಾ ಬಂದಿದೆ. ಆ ಫೋಟೋ ತೆಗೆದವಳು ನಾನು. ಇನ್ನು ಅದನ್ನು ತೋರಿಸಬೇಡಿ ಎಂದು ಕೇಳುವುದಕ್ಕೆ ಈ ಪತ್ರ. ನಿಮಗೆ ಪುರುಸೊತ್ತಿಲ್ಲದಿದ್ದರೆ ಇಷ್ಟು ಓದಿದರೂ ಸಾಕು, ಉಳಿದದ್ದನ್ನು ಜಾಹೀರಾತಿನ ವಿರಾಮದಲ್ಲಿ ಓದಿಕೊಳ್ಳಬಹುದು. ನಿಮ್ಮಲ್ಲಿ ವಿರಾಮಗಳಿಗೇನೂ ಬರವಿಲ್ಲ.

ಇದನ್ನೇ ಮೂರು ಸಲ ಖಾಸಗಿಯಾಗಿ ಬರೆದು ಕಳಿಸಿದ್ದೆ. ಮೂರು ಸಲವೂ ಒಂದೆರಡು ಸಬೂಬು, ಕೊನೆಗೆ ಒಂದೇ ಸಾಲು: "ನಿಮ್ಮ ಅನಿಸಿಕೆ ನಮಗೆ ಅಮೂಲ್ಯ." ಅಷ್ಟು ಅಮೂಲ್ಯವಾದದ್ದನ್ನು ಬಳಸಿ ಹಾಳುಮಾಡುವುದು ಬೇಡವೆಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೀರಿ ಎಂದು ಕಾಣುತ್ತದೆ. ಹಾಗಾಗಿ ನಮ್ಮ ಕೌಂಟಿಯ ವಾರಪತ್ರಿಕೆಯವರನ್ನು ಕಾಡಿ ಬೇಡಿ, ಹಂದಿ ಮೇವಿನ ಜಾಹೀರಾತಿನ ಪಕ್ಕದಲ್ಲಿ ಜಾಗ ಪಡೆದು, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವನ ಹೆಸರನ್ನು ಈ ಪತ್ರದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನೀವು ಐದು ವರ್ಷ ಹೇಳಿದ್ದು ಇಡೀ ದೇಶಕ್ಕೆ ಸಾಕಾಗುವಷ್ಟಿದೆ.

ನಾನು ಮಾರ್ಲಿಸ್, ವೆಂಡೆಲ್ ಕ್ರಾಸಿಂಗ್ ಊರಿನ ಫೋಟೋಗ್ರಾಫರ್. ನೆಬ್ರಾಸ್ಕಾದ ಈ ಮೂಲೆಯಲ್ಲಿ ನಮಗಿರುವುದು ಒಂದು ಟ್ರಾಫಿಕ್ ದೀಪ, ಎರಡು ಚರ್ಚು, ಒಂದು ಸ್ಟುಡಿಯೋ. ಮೂವತ್ತಾರು ವರ್ಷಗಳಿಂದ ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳೆಲ್ಲ ನನ್ನ ಸ್ಟೂಲಿನ ಮೇಲೆ ಕೂತು ಹೋಗಿದ್ದಾರೆ. ಒಬ್ಬ ಫುಟ್‌ಬಾಲ್ ತರುತ್ತಾನೆ, ಒಬ್ಬಳು ತಾನೇ ಸಾಕಿದ ಕರುವನ್ನು ಎಳೆದು ತರುತ್ತಾಳೆ, ಒಬ್ಬ ಅಪ್ಪನ ಟ್ರಕ್ಕನ್ನೇ ಬಾಗಿಲೊಳಗೆ ನುಗ್ಗಿಸಲು ನೋಡುತ್ತಾನೆ. ಆ ಫೋಟೋ ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಅಚ್ಚಾಗುತ್ತದೆ, ಅಜ್ಜಿಯರ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಳ್ಳುತ್ತದೆ. ಅಷ್ಟಕ್ಕೆ ಅದರ ಆಯುಸ್ಸು ಮುಗಿಯಬೇಕು. ಒಂದು ಫೋಟೋದ ಆಯುಸ್ಸನ್ನು ಮಾತ್ರ ನೀವು ವಿಸ್ತರಿಸಿದಿರಿ.

ಐದು ವರ್ಷದ ಹಿಂದೆ, ಮಾರ್ಚ್ ತಿಂಗಳ ಮೊದಲ ಭಾನುವಾರ, ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಪ್ಯಾನ್‌ಕೇಕ್ ತಿಂಡಿ ಇತ್ತು. ಪ್ರತಿ ವರ್ಷ ಇರುತ್ತದೆ. ಹೊಸ ನೀರಿನ ಪೈಪಿಗೆ ಚಂದಾ ಎತ್ತುವ ನೆಪದಲ್ಲಿ ಊರೆಲ್ಲ ಕೂತು ಹೊಟ್ಟೆ ಬಿರಿಯ ತಿನ್ನುವ ದಿನ. ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಅವನು ಒಳಗೆ ಬಂದ. ಒಂಬತ್ತೂ ನಲವತ್ತರ ಹೊತ್ತಿಗೆ ಆರು ಜನ ಸತ್ತಿದ್ದರು. ಅವನೂ ಹೊರಗೆ ಕಾರುಗಳ ನಡುವೆ ಸತ್ತು ಬಿದ್ದಿದ್ದ. ಅವನ ಕಡೆಯಿಂದ ಕತೆ ಅಲ್ಲಿಗೆ ಮುಗಿದಿತ್ತು. ನಿಮ್ಮ ಕಡೆಯಿಂದ ಆಗ ತಾನೇ ಶುರುವಾಗಿತ್ತು.

ಹನ್ನೊಂದು ಗಂಟೆಗೆ ನಿಮ್ಮ ಕಚೇರಿಯಿಂದ ನನಗೆ ಫೋನ್ ಬಂತು. ಗಂಡು ದನಿ, ತುಂಬ ಆತುರ. "ಮೇಡಂ, ಅವನು ಇನ್ನೂ ಸಿಕ್ಕಿಲ್ಲ. ಜನಕ್ಕೆ ಮುಖ ಗೊತ್ತಾಗ್ಬೇಕು. ಸ್ಕೂಲ್ ಫೋಟೋ ನಿಮ್ಮತ್ರ ಇದೆಯಂತೆ, ಬೇಗ ಕಳಿಸಿ, ಒಂದು ಕಾಗದ ಕಳಿಸ್ತೀವಿ, ಸಹಿ ಹಾಕ್ಬಿಡಿ." ಅದಕ್ಕೂ ಎರಡು ವರ್ಷ ಮೊದಲು ತೆಗೆದಿದ್ದ ಫೋಟೋ ಹುಡುಕಿ ಕಳಿಸಿದೆ. ಸಹಿಯನ್ನೂ ಹಾಕಿದೆ. ನನ್ನ ಅಂಗಡಿಯ ಗಲ್ಲೆಯಲ್ಲಿ ಕೂರುವವಳು ನನ್ನ ನಾದಿನಿ ಲವೋನ್. ಸಾಯಂಕಾಲ ಬಂದು ಆ ಕಾಗದ ಓದಿ ಹಣೆ ಚಚ್ಚಿಕೊಂಡಳು.

"ಎಷ್ಟು ಸಲ ಹೇಳಿದೀನಿ ನಿಂಗೆ, ಕನ್ನಡಕ ಇಲ್ದೆ ಸಹಿ ಹಾಕ್ಬೇಡ ಅಂತ? ಇದ್ರಲ್ಲಿ 'ಎಂದೆಂದಿಗೂ' ಅಂತ ಬರೆದಿದೆ ಕಣೆ!"

"ಹಿಡಿಯೋಕೆ ಬೇಕು ಅಂದ್ರು ಲವೋನ್."

"ಸತ್ತು ಬಿದ್ದೋನ್ನ ಹಿಡಿಯೋಕೆ ಫೋಟೋ ಯಾಕೆ ಬೇಕು, ಮಾರಾಯ್ತಿ?"

ಅವಳ ಪ್ರಶ್ನೆಯನ್ನು ನಾನು ನಿಮಗೆ ಬರೆದು ಕೇಳಿದೆ. "ಆ ಗಳಿಗೆಯ ಗೊಂದಲ" ಎಂದು ಉತ್ತರ ಬಂತು. ಭೇಷ್. ಐದು ವರ್ಷಕ್ಕೆ ನಿಮ್ಮ ಗೊಂದಲ ತೀರಿರಬೇಕು, ಅವನು ಸಿಕ್ಕಿದ್ದಾನೆ ಎಂದು ಈಗಲಾದರೂ ಯಾರಾದರೂ ನಿಮಗೆ ತಿಳಿಸಿರಬೇಕು. ಆದರೂ ಫೋಟೋ ನಿಂತಿಲ್ಲ. ವಿಚಾರಣೆಯ ವರದಿ ಬಂದಾಗ ಬಂತು, ಮೊದಲನೇ ವರ್ಷದ ನೆನಪಿಗೆ ಬಂತು, ಟೆಕ್ಸಸ್‌ನಲ್ಲೋ ಓಹಿಯೋದಲ್ಲೋ ಇನ್ನೊಬ್ಬ ಬಂದೂಕು ಎತ್ತಿದಾಗೆಲ್ಲ "ಇದಕ್ಕೂ ಮೊದಲು" ಎಂದು ಬಂತು. ಪರದೆ ತುಂಬ ಅವನ ಮುಖ, ಕೆಳಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ "ಫೋಟೋ ಕೃಪೆ" ಎಂದು ನನ್ನ ಹೆಸರು.

ಇನ್ನು ನಿಮ್ಮ ತಜ್ಞರ ವಿಚಾರ. ಎರಡನೇ ವರ್ಷ ನೀವು ಸೂಟು ಹಾಕಿದ ಒಬ್ಬ ಮಹನೀಯರನ್ನು ಕೂರಿಸಿ, ಆ ಮುಖದ ಮೇಲೆ ಹನ್ನೊಂದು ನಿಮಿಷ ಮಾತಾಡಿಸಿದಿರಿ. ಹುಬ್ಬಿನಡಿಯಿಂದ ಮೇಲಕ್ಕೆ ನೋಡುವ ಆ ನೋಟದಲ್ಲಿ ಜಗತ್ತಿನ ಮೇಲಿನ ತಿರಸ್ಕಾರ ಕಾಣುತ್ತದೆ ಎಂದರು ಅವರು. ತುಟಿಯ ಅಂಚಿನಲ್ಲಿ ಇನ್ನೂ ಆಗದ ಕೃತ್ಯದ ನಿಗೂಢ ಮಂದಹಾಸ ಕಂಡಿತಂತೆ. ಕಣ್ಣಿನ ಹೊಳಪಿನಲ್ಲಿ ತಣ್ಣನೆಯ ನಿರ್ಧಾರವೂ ಕಂಡಿತಂತೆ. ನಾನು ಮತ್ತು ಲವೋನ್ ಸೋಫಾದಲ್ಲಿ ಕೂತು ಬಾಯಿ ತೆರೆದುಕೊಂಡು ನೋಡಿದೆವು.

ಸ್ವಾಮಿ, ಆ ನೋಟ ನನ್ನ ನಾಲ್ಕನೇ ಭಂಗಿ. "ಗದ್ದ ಸ್ವಲ್ಪ ಕೆಳಗೆ, ಕಣ್ಣು ಮೇಲೆ, ಎಡಕ್ಕೆ ಇನ್ನೊಂಚೂರು" ಎಂದು ಮೂವತ್ತಾರು ವರ್ಷಗಳಿಂದ ಎಲ್ಲರಿಗೂ ಹೇಳುತ್ತೇನೆ, ಯಾಕೆಂದರೆ ಹಾಗೆ ಕೂತರೆ ಎರಡನೇ ಗದ್ದ ಕಾಣುವುದಿಲ್ಲ. ನಮ್ಮ ಪಾದ್ರಿಯ ಮಗಳು ಅದೇ ಭಂಗಿಯಲ್ಲಿ ಜಗತ್ತನ್ನು ಅಷ್ಟೇ ತಿರಸ್ಕರಿಸಿದ್ದಾಳೆ. ಕಣ್ಣಿನ ಹೊಳಪು ಎಡಗಡೆಯ ಕಿಟಕಿಯದು. ಆ ನಿಗೂಢ ಮಂದಹಾಸಕ್ಕೆ ಕಾರಣ ಒಂದು ರಬ್ಬರ್ ಬಾತುಕೋಳಿ. ಹದಿನೇಳು ವಯಸ್ಸಿನ ಗಂಡುಮಕ್ಕಳು ಹೇಳಿದರೆ ನಗುವುದಿಲ್ಲ, ಆದ್ದರಿಂದ ಕ್ಯಾಮೆರಾದ ಪಕ್ಕದಲ್ಲಿ ಒಂದು ಹಳದಿ ಬಾತುಕೋಳಿ ಇಟ್ಟುಕೊಂಡು ಕೊನೇ ಗಳಿಗೆಯಲ್ಲಿ ಕುಯ್ ಎನ್ನಿಸುತ್ತೇನೆ. ನಗಬಾರದೆಂದು ಬಿಗಿಹಿಡಿದ ತುಟಿ ಅಂಚಿನಲ್ಲಿ ಜಾರುತ್ತದೆ. ನಿಮ್ಮ ತಜ್ಞರು ಹನ್ನೊಂದು ನಿಮಿಷ ಬಿಡಿಸಿ ಹೇಳಿದ್ದು ಅದನ್ನು. ಬಾತುಕೋಳಿ ನನ್ನ ಮೇಜಿನ ಮೇಲೆ ಈಗಲೂ ಇದೆ, ಮುಂದಿನ ಸಲ ಅದನ್ನೇ ಕರೆಸಿ ಕೂರಿಸಿ. ಅದಕ್ಕೆ ಸೂಟೂ ಬೇಕಾಗುವುದಿಲ್ಲ.

ನಗುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ರಾತ್ರಿ ನಾನು ಎದ್ದು ಟೀವಿ ಆರಿಸಿದೆ, ಯಾಕೆಂದರೆ ನೀವು ತೋರಿಸಿದ ಮುಖ ಆ ಹುಡುಗನದಲ್ಲ, ನಾನು ತಿದ್ದಿ ಮಾಡಿದ್ದು. ಅವನ ಮುಖದಲ್ಲಿ ಹದಿನೇಳು ಮೊಡವೆಗಳಿದ್ದವು. ಒಂದೊಂದನ್ನೂ ನಾನೇ ಅಳಿಸಿದೆ. ಕಣ್ಣಡಿಯ ಕಪ್ಪನ್ನು ತೆಗೆದೆ, ಒಂದು ಕಿವಿಯನ್ನು ಸ್ವಲ್ಪ ಒಳಗೆ ತಳ್ಳಿದೆ. ಎಲ್ಲ ಮಕ್ಕಳಿಗೂ ಮಾಡುತ್ತೇನೆ, ತಾಯಂದಿರಿಗೆ ಖುಷಿಯಾಗಲೆಂದು. ಯಾರ ಕಣ್ಣಿಗೂ ಬೀಳದೆ ಶಾಲೆ ಮುಗಿಸಿದ ಒಬ್ಬ ಹುಡುಗನನ್ನು ನಾನು ಚೆಲುವನನ್ನಾಗಿ ಮಾಡಿದೆ, ನೀವು ಹೆಸರುವಾಸಿ ಮಾಡಿದಿರಿ. ಆರು ಜನರನ್ನು ಕೊಂದದ್ದು ಬಿಟ್ಟರೆ ಅವನದೇ ಅಂತ ಅದರಲ್ಲಿ ಏನೂ ಇಲ್ಲ.

ಈಗ ಇನ್ನೊಂದು ತಪ್ಪೊಪ್ಪಿಗೆ. ಮೊದಲ ವಾರ ರಾಷ್ಟ್ರಮಟ್ಟದ ವಾಹಿನಿಗಳೂ ನಿಮ್ಮಿಂದ ಪಡೆದು ಆ ಫೋಟೋ ತೋರಿಸಿದಾಗ, ಮೂಲೆಯಲ್ಲಿ ನನ್ನ ಹೆಸರು ಕಂಡು ಒಂದು ಕ್ಷಣ, ಒಂದೇ ಒಂದು ಕ್ಷಣ, ಎದೆ ಉಬ್ಬಿತು. ಊರಿನ ಹೊರಗೆ ನನ್ನ ಹೆಸರು ಹೋಗಿದ್ದು ಅದೇ ಮೊದಲು. ಮರುಕ್ಷಣ ನಾಚಿಕೆಯಿಂದ ಸತ್ತುಹೋದೆ. ಆದರೆ ಆ ಕ್ಷಣ ಬಂದಿತ್ತು, ಸುಳ್ಳು ಹೇಳಲಾರೆ. ಅರವತ್ತು ದಾಟಿದ, ಸ್ವಂತ ಅಂಗಡಿ ಇರುವ, ಭಾನುವಾರ ಚರ್ಚಿನಲ್ಲಿ ಹಾಡುವ ಹೆಂಗಸಿಗೇ ಪರದೆಯ ಮೂಲೆಯಲ್ಲಿ ಇರುವೆಯಷ್ಟು ಜಾಗ ಸಿಕ್ಕರೆ ತಲೆ ತಿರುಗುತ್ತದೆ. ಇಡೀ ಪರದೆ ಸಿಗುತ್ತದೆ ಎಂದು ಗೊತ್ತಾದರೆ ಹದಿನೇಳರ ಹುಡುಗನ ಗತಿ ಏನು?

ಇದು ಬರೀ ಮಾತಿನ ಪ್ರಶ್ನೆಯಲ್ಲ. ಉತ್ತರ ನನ್ನ ಸ್ಟುಡಿಯೋಗೇ ಬಂತು, ತಾನೇ ಕಾರು ಓಡಿಸಿಕೊಂಡು.

ಕಳೆದ ಅಕ್ಟೋಬರ್‌ನ ಒಂದು ಗುರುವಾರ, ಶಾಲೆ ಬಿಟ್ಟ ಮೇಲೆ, ನಲವತ್ತು ಮೈಲಿ ದೂರದ ಊರಿನಿಂದ ಒಬ್ಬ ಹುಡುಗ ಬಂದ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅವನ ಮನೆ ಮುಂದೆ ವ್ಯಾನು ನಿಲ್ಲಿಸಿ, ನೆರೆಮನೆಯವರನ್ನು ಹಿಡಿದು "ತುಂಬ ಮೌನಿಯಾಗಿದ್ದನಾ?" ಎಂದು ಕೇಳುತ್ತೀರಿ. ತೆಳ್ಳಗಿನ ಹುಡುಗ, ಬೂಟನ್ನು ಬಾಗಿಲಲ್ಲೇ ಚೆನ್ನಾಗಿ ಒರೆಸಿಕೊಂಡು ಒಳಗೆ ಬಂದ.

"ಸೀನಿಯರ್ ಫೋಟೋ ತೆಗೆಸ್ಬೇಕಿತ್ತು ಮೇಡಂ."

"ನಿಮ್ಮೂರಲ್ಲೇ ಸ್ಟುಡಿಯೋ ಇದ್ಯಲ್ಲಪ್ಪಾ, ಇಷ್ಟು ದೂರ ಯಾಕ್ ಬಂದೆ?"

"ನಿಮ್ಮತ್ರಾನೇ ಆಗ್ಬೇಕು. ಅವನ್ದು ತೆಗ್ದಿದ್ದು ನೀವೇ ಅಲ್ವಾ?"

ಗಲ್ಲೆಯಲ್ಲಿ ಲವೋನ್ ಕವರುಗಳ ಮೇಲೆ ವಿಳಾಸ ಬರೆಯುತ್ತಿದ್ದಳು. ಪೆನ್ನಿನ ಸದ್ದು ನಿಂತಿತು. ಹುಡುಗ ಜಾಕೆಟ್ ಬಿಚ್ಚಿದ. ಒಳಗೆ ಹಸಿರು ಚೌಕುಳಿಯ ಅಂಗಿ, ಆ ಫೋಟೋದಲ್ಲಿ ಇರುವಂಥದ್ದೇ. ನಾನು ಹೇಳುವ ಮೊದಲೇ ಸ್ಟೂಲಿನ ಮೇಲೆ ಕೂತು, ಗದ್ದ ಇಳಿಸಿ, ಕಣ್ಣು ಎತ್ತಿದ. "ಎಡಕ್ಕೆ ಇನ್ನೊಂಚೂರು, ಅಲ್ವಾ ಮೇಡಂ?" ಎಂದ. ನನ್ನ ಕಸುಬಿನ ಮಾತನ್ನು ನನಗೇ ಹೇಳಿಕೊಡುತ್ತಿದ್ದ.

"ಅದೇ ಥರ ಯಾಕಪ್ಪಾ? ನಿನ್ನ ಥರ ತೆಗೀತೀನಿ, ಚೆನ್ನಾಗಿರುತ್ತೆ."

"ಆಮೇಲೆ ನನ್ದೂ ಹಾಕ್ತಾರಲ್ಲ. ಅದಕ್ಕೆ ಇದು ಸರಿಯಾಗಿರ್ಲಿ ಅಂತ."

"ಎಲ್ಲಿ ಹಾಕ್ತಾರೆ?"

"ಟೀವೀಲಿ," ಎಂದ. ಬಸ್ಸು ಎಲ್ಲಿ ನಿಲ್ಲುತ್ತೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದ.

"ಲವೋನ್, ಈ ಬ್ಯಾಟರಿ ಹೋಯ್ತು ನೋಡು. ಹಿಂದಿನ ರೂಮಿಂದ ಇನ್ನೊಂದು ತಗೊಂಡ್ ಬಾ, ಹುಡುಕೋಕೆ ಸ್ವಲ್ಪ ಹೊತ್ತಾದ್ರೂ ಪರವಾಗಿಲ್ಲ," ಎಂದೆ. ಬ್ಯಾಟರಿ ಹಾಕಿ ಹತ್ತು ನಿಮಿಷವೂ ಆಗಿರಲಿಲ್ಲ, ಹಾಕಿದವಳೂ ಲವೋನೇ. ನನ್ನ ನಾದಿನಿಗೆ ಬಾಯಿ ಜೋರು, ಬುದ್ಧಿ ಅದಕ್ಕಿಂತ ಜೋರು. ಮರುಮಾತಿಲ್ಲದೆ ಹಿಂದಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಶೆರಿಫ್ ಕಚೇರಿಯ ಪೊಲೀಸರಿಗೆ ಫೋನ್ ಮಾಡಿದಳು.

ನಾನು ಹುಡುಗನ ಎದುರು ಕುರ್ಚಿ ಎಳೆದುಕೊಂಡು ಕೂತೆ. ಏನು ಮಾತಾಡಬೇಕು ಎಂದು ಯಾವ ಪುಸ್ತಕದಲ್ಲೂ ಓದಿದವಳಲ್ಲ ನಾನು. ಅವನೇ ಮಾತಾಡಿದ. ಅವನಿಗೆ ಎಲ್ಲ ಗೊತ್ತಿತ್ತು. ಆ ಕೊಲೆಗಾರನ ಹುಟ್ಟಿದ ದಿನ, ಬೂಟಿನ ಅಳತೆ, ಆ ಬೆಳಿಗ್ಗೆ ಏನು ತಿಂದು ಹೊರಟ, ಯಾವ ಬಾಗಿಲಿಂದ ಬಂದ, ಎಷ್ಟು ನಿಮಿಷ ಇದ್ದ. ಬಾಣವನ್ನು ಬಿಡಿಸಿ ಬಿಡಿಸಿ ತೋರಿಸುವ ನಿಮ್ಮ ಆ ನಕ್ಷೆಗಳಿವೆಯಲ್ಲ, ಅವನ್ನು ಬಾಯಿಪಾಠ ಮಾಡಿದ್ದ. ಲೆಕ್ಕದ ಮೇಷ್ಟ್ರಿಗೆ ಇಂಥ ವಿದ್ಯಾರ್ಥಿ ಸಿಕ್ಕಿದ್ದರೆ ಜನ್ಮ ಸಾರ್ಥಕವಾಗುತ್ತಿತ್ತು.

"ಸರಿ, ಸತ್ತವರ ಹೆಸರು ಹೇಳು ನೋಡೋಣ," ಎಂದೆ.

"ಒಬ್ಬ ಮುದುಕ... ಪ್ಯಾನ್‌ಕೇಕ್ ಹೊಯ್ತಿದ್ದೋನು."

"ಹೆಸರು?"

"ಗೊತ್ತಿಲ್ಲ."

"ಇನ್ನೈದು ಜನ? ಒಬ್ರದ್ದೂ ಗೊತ್ತಿಲ್ವಾ?"

"ಟೀವೀಲಿ ಹೇಳ್ತಾರೆ ಮೇಡಂ. ಬೇಗ ಹೋಗ್ಬಿಡುತ್ತೆ."

ಮಾನ್ಯರೇ, ನಿಮ್ಮ ವಾಹಿನಿಯ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆ ನಿಮಗೆ ಎಲ್ಲೂ ಸಿಗುವುದಿಲ್ಲ. ಪ್ರಶಸ್ತಿಪತ್ರಗಳ ಪಕ್ಕದಲ್ಲಿ ಕಟ್ಟು ಹಾಕಿಸಿ ನೇತುಹಾಕಿ.

ನನಗೆ ಏನು ತೋಚಿತೋ, ಬಾತುಕೋಳಿ ಕೈಗೆ ತೆಗೆದುಕೊಂಡು ಕುಯ್ ಎನ್ನಿಸಿದೆ. ಬೆಚ್ಚಿಬಿದ್ದ. "ಆ ಫೋಟೋದಲ್ಲಿ ಅವನು ನಕ್ಕಿದ್ದು ಇದಕ್ಕೆ," ಎಂದೆ.

"ಬಾತುಕೋಳಿಗಾ?"

"ಹೂಂ. ಈ ಸ್ಟೂಲ್ ಮೇಲೆ ಕೂತೋರೆಲ್ಲ ನಗೋದು ಇದಕ್ಕೇ. ಮುಖದ ತುಂಬ ಮೊಡವೆ ಇತ್ತು ಅವನಿಗೆ. ಕೂತು ಕೂತು ನಾನೇ ಅಳಿಸ್ದೆ. ಕಿವಿ ಒಂದು ಹೊರಗಡೆ ಬಂದಿತ್ತು, ಅದನ್ನೂ ಒಳಗ್ ತಳ್ಳಿದ್ದು ನಾನೇ. ನೀನು ನೋಡ್ತಿರೋ ಮುಖ ಯಾರದ್ದೂ ಅಲ್ಲ ಕಣಪ್ಪಾ."

ಅವನ ಮುಖ ಇಳಿದುಹೋಯಿತು. ಬೇಜಾರು, ಅವಮಾನ, ಎಲ್ಲ ಒಟ್ಟಿಗೆ. ಇಷ್ಟು ದೂರ ಬಂದದ್ದು ಇದಕ್ಕಾ ಎನ್ನುವ ಹಾಗೆ ಬಾತುಕೋಳಿಯನ್ನೇ ನೋಡುತ್ತಾ ಕೂತ. ಆಮೇಲೆ ಸಣ್ಣ ದನಿಯಲ್ಲಿ, "ಸ್ಕೂಲಲ್ಲಿ ನನ್ ಪಕ್ಕ ಯಾರೂ ಕೂರಲ್ಲ ಮೇಡಂ," ಎಂದ. ಹಸಿರು ಅಂಗಿಯ ತೋಳಿನಲ್ಲಿ ಮುಖ ಹುದುಗಿಸಿ ಅತ್ತ. ನಾನೂ ಅತ್ತೆ. ಶೆರಿಫ್ ಕಚೇರಿಯವನು ಬಂದಾಗ ನಾವಿಬ್ಬರೂ ಲವೋನ್ ಮಾಡಿದ ಕಾಫಿ ಹಿಡಿದುಕೊಂಡು ಕೂತಿದ್ದೆವು, ಲವೋನ್ ಹುಡುಗನಿಗೆ "ಇನ್ನೊಂದ್ ಬಿಸ್ಕತ್ ತಿನ್ನು, ಮೈಮೇಲೆ ಮಾಂಸಾನೇ ಇಲ್ಲ" ಎಂದು ಗದರುತ್ತಿದ್ದಳು.

ಅವನನ್ನು ಸಾಕಿರುವುದು ಅವನ ಅತ್ತೆ, ಅಪ್ಪನ ತಂಗಿ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮನೆಯ ಕಪಾಟಿನಲ್ಲಿದ್ದ ಬಂದೂಕನ್ನು ಶೆರಿಫ್ ಕಚೇರಿಯವರು ಅಂದೇ ತೆಗೆದುಕೊಂಡು ಹೋದರು. ಅವನ ಕೋಣೆಯ ಗೋಡೆಯ ಮೇಲೆ ನಾನು ತೆಗೆದ ಫೋಟೋ ಇತ್ತು. ಅಲ್ಲ, ನಿಮ್ಮ ಫೋಟೋ. ನಿಮ್ಮ ಜಾಲತಾಣದಿಂದ ಮುದ್ರಿಸಿದ್ದು, ಕೆಳಗೆ "ನಿಮ್ಮ ನಂಬಿಕೆಯ ಸುದ್ದಿ" ಎಂಬ ನಿಮ್ಮ ಘೋಷವಾಕ್ಯದ ಸಮೇತ. ಪಕ್ಕದಲ್ಲಿ ಒಂದು ನೋಟ್‌ಬುಕ್ಕು. ಯಾವ ದಿನ ನಿಮ್ಮ ಸುದ್ದಿಯಲ್ಲಿ ಆ ಮುಖ ಎಷ್ಟು ಹೊತ್ತು ಕಂಡಿತು ಎಂದು ತಾರೀಖು ಹಾಕಿ ಬರೆದಿಟ್ಟಿದ್ದ. ನಂಬಿದ್ದ ಸ್ವಾಮಿ, ನಿಮ್ಮನ್ನು ಅಕ್ಷರಶಃ ನಂಬಿದ್ದ.

ಹುಡುಗ ಯಾರಿಗೂ ಏನೂ ಮಾಡಲಿಲ್ಲ. ಮೂರು ತಿಂಗಳು ವೈದ್ಯರ ಹತ್ತಿರ ಇದ್ದ. ಜನವರಿಯಲ್ಲಿ ಶಾಲೆಗೆ ಮರಳಿದ. ಈಗ ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂರಲು ಇಬ್ಬರು ಗೆಳೆಯರಿದ್ದಾರಂತೆ. ಇದು ನಿಮಗೆ ಸುದ್ದಿಯಲ್ಲ, ನನಗೆ ಗೊತ್ತು.

ನಿಮಗೆ ಸುದ್ದಿ ಯಾವುದು ಎನ್ನುವುದನ್ನು ಅವನೂರಿಗೂ ನಮ್ಮೂರಿಗೂ ನಡುವಿನ ಹೆದ್ದಾರಿಯ ಪಕ್ಕದಲ್ಲಿ ನೀವೇ ಎತ್ತಿ ನಿಲ್ಲಿಸಿದ್ದೀರಿ. ಧಾನ್ಯದ ಗೋದಾಮಿನ ತಿರುವಿನಲ್ಲಿ, ಮನೆಯಷ್ಟು ದೊಡ್ಡ ಫಲಕ. ಅದರ ತುಂಬ ಅವನ ಮುಖ. "ಆ ಕಣ್ಣುಗಳ ಹಿಂದೆ: ಐದು ವರ್ಷಗಳ ನಂತರ. ಭಾನುವಾರ ಸಂಜೆ ಆರಕ್ಕೆ." ಇಡೀ ಒಂದು ಗಂಟೆಯ ವಿಶೇಷ ಕಾರ್ಯಕ್ರಮ. ಆ ಕಣ್ಣುಗಳ ಹಿಂದೆ ನೀಲಿ ಬಟ್ಟೆಯ ಪರದೆ ಇದೆ, ಅದರ ಹಿಂದೆ ನನ್ನ ಹೀಟರು ಇದೆ. ಒಂದು ಗಂಟೆ ಅದನ್ನೇನು ತೋರಿಸುತ್ತೀರಿ?

ಆ ಹುಡುಗನ ಶಾಲಾ ಬಸ್ಸು ದಿನಕ್ಕೆ ಎರಡು ಸಲ ಆ ಫಲಕದ ಕೆಳಗೇ ಹಾದುಹೋಗುತ್ತದೆ. ಮೊನ್ನೆ ಅವನ ಅತ್ತೆ ಫೋನ್ ಮಾಡಿದ್ದರು. "ಮಾರ್ಲಿಸ್, ಬೇರೆ ದಾರಿ ಇದ್ಯಾ ಅಂತ ಕೇಳ್ತಿದಾನೆ. ಬೇರೆ ದಾರಿ ಎಲ್ಲಿದೆ ಹೇಳಿ? ನಿದ್ದೆ ಮತ್ತೆ ಕೆಟ್ಟಿದೆ. ಭಾನುವಾರ ಟೀವಿ ಕಿತ್ತಿಡ್ತೀನಿ, ಆದ್ರೆ ಅವನ ಜೇಬಲ್ಲಿರೋ ಫೋನ್‌ಗೆ ಏನ್ ಮಾಡ್ಲಿ?" ಎಂದರು. ಅದಕ್ಕೆ ಉತ್ತರ ನಿಮ್ಮ ಹತ್ತಿರ ಇದೆ. ಇವನೊಬ್ಬ ನನ್ನ ಬಾಗಿಲಿಗೆ ಬಂದ, ಬೂಟು ಒರೆಸಿಕೊಂಡು ಬಂದ, ಬಾಯಿಬಿಟ್ಟು ಹೇಳಿದ. ಭಾನುವಾರ ನಿಮ್ಮ ಪ್ರಸಾರ ತಲುಪುವ ಹನ್ನೆರಡು ಕೌಂಟಿಗಳಲ್ಲಿ, ಫೋಟೋ ತೆಗೆಸಿಕೊಳ್ಳುವ ಗೋಜಿಗೇ ಹೋಗದೆ ಕೋಣೆಯಲ್ಲಿ ಕೂತು ನೋಡುವವರು ಎಷ್ಟು ಮಂದಿ ಇದ್ದಾರೆ?

"ಜನರಿಗೆ ತಿಳಿಯುವ ಹಕ್ಕಿದೆ" ಎನ್ನುತ್ತೀರಿ. ಖಂಡಿತ ಇದೆ. ಬಂದೂಕು ಅವನ ಕೈಗೆ ಹೇಗೆ ಬಂತು, ಅದಕ್ಕೆ ಎರಡು ತಿಂಗಳ ಮೊದಲು ಅವನ ತಾಯಿ ಹೆದರಿ ಸಹಾಯ ಕೇಳಿದಾಗ ಯಾರು ಕೇಳಿಸಿಕೊಳ್ಳಲಿಲ್ಲ, ಹಾಲ್‌ನ ಹಿಂಬಾಗಿಲಿಗೆ ಸರಪಳಿ ಯಾಕೆ ಹಾಕಿತ್ತು, ಇದೆಲ್ಲ ತಿಳಿಯುವ ಹಕ್ಕು ನಮಗಿದೆ. ಐದು ವರ್ಷದಲ್ಲಿ ಒಂದನ್ನೂ ನೀವು ತಿಳಿಸಲಿಲ್ಲ. ಅವನ ಬೂಟಿನ ಅಳತೆ ಮಾತ್ರ ಎಲ್ಲರಿಗೂ ತಿಳಿಯಿತು. ಹೆಸರನ್ನು ಒಂದು ಸಲ ಹೇಳಿ, ಬೇಡ ಎನ್ನುವುದಿಲ್ಲ. ತಪ್ಪಿಸಿಕೊಂಡವನನ್ನು ಹಿಡಿಯಬೇಕಾದರೆ ಮುಖವನ್ನೂ ತೋರಿಸಿ. ಸತ್ತವನ ಮುಖವನ್ನು ಐದು ವರ್ಷ ತೋರಿಸಿ ಯಾರನ್ನು ಹಿಡಿಯುತ್ತಿದ್ದೀರಿ?

"ತೋರಿಸಿದರೆ ಇನ್ನೊಬ್ಬ ಮಾಡುತ್ತಾನೆ ಎನ್ನುವುದೆಲ್ಲ ಊಹೆ" ಎಂದೂ ಬರೆದಿದ್ದೀರಿ. ಓದಿದವರು ಎಷ್ಟೋ ವರ್ಷದಿಂದ ಅದು ಊಹೆಯಲ್ಲ ಎಂದು ಹೇಳುತ್ತಿದ್ದಾರೆ, ಅವರ ಮಾತು ಬಿಡಿ. ನಿಮ್ಮ ಕ್ಯಾಮೆರಾದವರನ್ನೇ ಕೇಳಿ. ಬೇಸ್‌ಬಾಲ್ ಪಂದ್ಯದ ನಡುವೆ ಯಾರೋ ಒಬ್ಬ ಕುಡಿದು, ಬಟ್ಟೆ ಬಿಚ್ಚಿ ಮೈದಾನಕ್ಕೆ ಓಡಿಬಂದರೆ ಅವರು ತಕ್ಷಣ ಏನು ಮಾಡುತ್ತಾರೆ? ಕ್ಯಾಮೆರಾವನ್ನು ಆಕಾಶಕ್ಕೋ ಪಾಪ್‌ಕಾರ್ನ್ ತಿನ್ನುವ ಮಗುವಿನ ಕಡೆಗೋ ತಿರುಗಿಸುತ್ತಾರೆ. ಯಾಕೆ? ತೋರಿಸಿದರೆ ನಾಳೆ ಇನ್ನೊಬ್ಬ ಓಡಿಬರುತ್ತಾನೆ ಎಂದು. ಬರಿಮೈಯಲ್ಲಿ ಓಡುವ ಕುಡುಕನ ವಿಷಯದಲ್ಲಿ ಇಷ್ಟು ದೂರದೃಷ್ಟಿ ಇರುವ ನಿಮಗೆ, ಬಂದೂಕು ಹಿಡಿದವನು ಬಂದ ಕೂಡಲೇ ದೃಷ್ಟಿ ಮಂದವಾಗುವುದು ಹೇಗೆ? ಆಟ ಕೆಡುತ್ತದೆ ಎನ್ನುವ ಚಿಂತೆ ಅಲ್ಲಿ. ಇಲ್ಲಿ ಕೆಡುವುದು ಊರುಗಳು ಮಾತ್ರ.

ಈಗ ಲಕೋಟೆಯ ವಿಚಾರ. ಊರಿಗೆ ಒಂದೇ ಸ್ಟುಡಿಯೋ ಎಂದೆನಲ್ಲ, ಅಂದು ಸತ್ತ ಆರು ಜನರ ಫೋಟೋವನ್ನೂ ತೆಗೆದವಳು ನಾನೇ. ಆ ವಾರವೇ ಆರನ್ನೂ ದೊಡ್ಡದಾಗಿ ಮುದ್ರಿಸಿ, ಹಿಂದೆ ಹೆಸರು ಬರೆದು, ಕಂದು ಲಕೋಟೆಯಲ್ಲಿ ಹಾಕಿ, ಎಂಬತ್ತು ಮೈಲಿ ಕಾರು ಓಡಿಸಿ ನಿಮ್ಮ ಕಚೇರಿಗೆ ತಂದುಕೊಟ್ಟೆ. ಯಾರೂ ಕೇಳಿರಲಿಲ್ಲ. ಸಹಿ ಹಾಕಿ ಎಂದು ಯಾವ ಆತುರದ ದನಿಯೂ ಫೋನ್ ಮಾಡಿರಲಿಲ್ಲ. ಮುಂದಿನ ಮೇಜಿನ ಹುಡುಗಿ ಲಕೋಟೆಯನ್ನು ಒಂದು ಟ್ರೇಯಲ್ಲಿಟ್ಟು, "ಇಟ್ಟು ಹೋಗಿ ಮೇಡಂ, ಮೇಲಕ್ಕೆ ಕಳಿಸ್ತೀವಿ," ಎಂದಳು.

ಅಂದು ಸಂಜೆ ನೀವು ಸತ್ತವರನ್ನು ತೋರಿಸಿದಿರಿ. ಒಬ್ಬೊಬ್ಬರಿಗೆ ಮೂರು ಸೆಕೆಂಡು. ಡೆಲ್ಮರ್ ಕ್ರಾಟ್ಜ್‌ನದು ಲೈಸೆನ್ಸಿನ ಚಿತ್ರ. ಮೂವತ್ತು ವರ್ಷ ಪ್ಯಾನ್‌ಕೇಕ್ ಹೊಯ್ದವನು, ಸೌಟು ಹಿಡಿದೇ ಸತ್ತವನು, ಆ ಚಿತ್ರದಲ್ಲಿ ಕಳ್ಳನ ಹಾಗೆ ಕಾಣುತ್ತಿದ್ದ. ಆರ್ವಿಲ್ ಮತ್ತು ನೆಟ್ಟಿ ಸ್ಟ್ರೂಬ್ ಐವತ್ತೊಂದು ವರ್ಷ ಸಂಸಾರ ಮಾಡಿದವರು, ನೀವು ಬೇರೆ ಬೇರೆ ಚೌಕಟ್ಟಿನಲ್ಲಿ ಹಾಕಿದಿರಿ, ನಡುವೆ ಟ್ರ್ಯಾಕ್ಟರ್ ಜಾಹೀರಾತು ಬಂತು. ಟೆಸ್ಸಾ ವೋಲ್ಕ್‌ಮನ್ ಟ್ಯೂಬಾ ಎಂಬ, ತನಗಿಂತ ದೊಡ್ಡ ಕಹಳೆ ಊದುತ್ತಿದ್ದ ಹುಡುಗಿ, ನನ್ನ ಫೋಟೋದಲ್ಲಿ ಅದರ ಬಾಯೊಳಗೆ ತಲೆ ಇಟ್ಟು ನಗುತ್ತಿದ್ದಾಳೆ. ನೀವು ತೋರಿಸಿದ್ದು ಅವಳಕ್ಕನ ಮದುವೆಯ ಗುಂಪಿನಲ್ಲಿ ಅರ್ಧ ಮುಖ. ರಾಮಿರೊ ಒಚೋವಾ ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗದೆ ಮಗಳನ್ನು ಪ್ಯಾನ್‌ಕೇಕ್ ತಿನ್ನಿಸಲು ಕರೆತಂದವನು. ಅವಳನ್ನು ಮೇಜಿನಡಿ ತಳ್ಳಿ ತಾನು ಅಡ್ಡ ನಿಂತ. ಅವನ ಹೆಸರನ್ನು ನೀವು ತಪ್ಪಾಗಿ ಹೇಳಿದಿರಿ. ಮಗಳಿಗೆ ಈಗ ಹದಿಮೂರು. ಅವಳ ಬಸ್ಸೂ ನಿಮ್ಮ ಫಲಕದ ಕೆಳಗೇ ಹೋಗುತ್ತದೆ.

ಕೊನೆಯವಳು ಜೋನೆಲ್ ಪ್ರಿಬಿಲ್, ಶಾಲಾ ಬಸ್ಸಿನ ಚಾಲಕಿ. ಅವಳ ಜಾಗದಲ್ಲಿ ಬೂದು ಬಣ್ಣದ ಒಂದು ಆಕೃತಿ ಹಾಕಿ, "ಚಿತ್ರ ಲಭ್ಯವಿಲ್ಲ" ಎಂದು ಬರೆದಿರಿ. ಲಭ್ಯವಿತ್ತು ಮಾನ್ಯರೇ. ನಿಮ್ಮದೇ ಕಟ್ಟಡದಲ್ಲಿ, ಎರಡು ಮಹಡಿ ಕೆಳಗೆ, ಟ್ರೇಯಲ್ಲಿ ಲಭ್ಯವಿತ್ತು.

ಜೋನೆಲ್ ನನ್ನ ಕಸುಬಿಗೇ ಸವಾಲು. ಪ್ರತಿ ವರ್ಷ ಶಾಲೆಯ ಸಿಬ್ಬಂದಿಯ ಫೋಟೋ ತೆಗೆಯುವಾಗ, ಬಟನ್ ಒತ್ತುವ ಗಳಿಗೆಗೆ ಸರಿಯಾಗಿ ಕಣ್ಣು ಮುಚ್ಚುತ್ತಿದ್ದಳು. ಹತ್ತೊಂಬತ್ತು ವರ್ಷ, ಹತ್ತೊಂಬತ್ತು ಫೋಟೋ, ಎಲ್ಲದರಲ್ಲೂ ನಿದ್ದೆ. "ಬಿಡೇ ಮಾರ್ಲಿಸ್, ಬಸ್ ಓಡಿಸುವಾಗ ತೆರೆದಿದ್ರೆ ಸಾಕು," ಎನ್ನುತ್ತಿದ್ದಳು. ಬಾತುಕೋಳಿಯ ಆಟವೂ ಅವಳ ಹತ್ತಿರ ನಡೆಯಲಿಲ್ಲ. ಇಪ್ಪತ್ತನೇ ವರ್ಷ ಸಿಕ್ಕಿಬಿದ್ದಳು. ಎರಡೂ ಕಣ್ಣು ಅಗಲವಾಗಿ ತೆರೆದು, ಗೆದ್ದೆಯಲ್ಲೇ ಎಂದು ನನ್ನನ್ನೇ ನೋಡಿ ನಗುತ್ತಿರುವ ಫೋಟೋ. ಮಾರ್ಚ್‌ಗೆ ಐದು ತಿಂಗಳು ಮೊದಲು ತೆಗೆದದ್ದು. ಲಕೋಟೆಯಲ್ಲಿ ಇರುವುದು ಅದು.

ನನ್ನ ಸಹಿ ನಿಮ್ಮ ಹತ್ತಿರ ಇದೆ, "ಎಂದೆಂದಿಗೂ" ಎಂದಿದೆ, ಕಾನೂನು ನಿಮ್ಮ ಕಡೆ ಇದೆ. ವಕೀಲರನ್ನು ಕೇಳಿಯಾಯಿತು. ಆದ್ದರಿಂದ ಕಾನೂನಿನ ಹೆದರಿಕೆ ಹಾಕುತ್ತಿಲ್ಲ, ಎಲ್ಲರೆದುರು ಕೇಳುತ್ತಿದ್ದೇನೆ. ಶನಿವಾರ ಕತ್ತಲಾಗುವುದರೊಳಗೆ ಗೋದಾಮಿನ ತಿರುವಿನ ಫಲಕ ಇಳಿಸಿ, ಸೋಮವಾರದ ಬಸ್ಸು ಅದರ ಕೆಳಗೆ ಹೋಗಬಾರದು. ಆ ಫೋಟೋ ಭಾನುವಾರವೂ ಬೇಡ, ಮುಂದೆಯೂ ಬೇಡ. ಭಾನುವಾರ ಸಂಜೆ ಆರಕ್ಕೆ ನೀವೇ, ನಿರೂಪಕರಲ್ಲ, ನೀವು, ಕ್ಯಾಮೆರಾದ ಮುಂದೆ ಕೂತು ಕಾಗದ ನೋಡದೆ ಆರು ಹೆಸರು ಹೇಳಿ. ಕೊಂದವನ ಹೆಸರನ್ನು ಕಾಗದ ನೋಡದೆ ಹೇಳುತ್ತೀರಲ್ಲ, ಹಾಗೆ. ಹೆಸರುಗಳು ಬಾಯಿಗೆ ಬರದಿದ್ದರೆ ಆ ಒಂದು ಗಂಟೆ ಬೇಸ್‌ಬಾಲ್ ಹಾಕಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಣ್ಣುಗಳನ್ನೇ ತೋರಿಸಬೇಕು ಎನ್ನುವ ಹಠವಿದ್ದರೆ ಕೆಳಗಿಳಿದು ಹೋಗಿ ಆ ಲಕೋಟೆ ತೆರೆಯಿರಿ. ಕಳೆದುಹೋಗಿದ್ದರೆ ಹೇಳಿ, ಇನ್ನೊಂದು ಪ್ರತಿ ನಾನೇ ತಂದುಕೊಡುತ್ತೇನೆ, ಎಂಬತ್ತು ಮೈಲಿ ಏನೂ ದೂರವಲ್ಲ. ಇಪ್ಪತ್ತು ವರ್ಷ ಕಾದು ತೆಗೆದ ಕಣ್ಣುಗಳು ಅವು. ಅವುಗಳ ಹಿಂದೆ ಏನಿತ್ತು ಎಂದು ಈ ಊರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, ಅವಳ ಬಸ್ಸಿನಲ್ಲಿ ದಿನವೂ ಸುರಕ್ಷಿತವಾಗಿ ಮನೆ ಸೇರಿದ ಮಕ್ಕಳು.

ಇಂತಿ,
ನಿಮ್ಮ ಪರದೆಯ ಮೂಲೆಯಲ್ಲಿ ಐದು ವರ್ಷದಿಂದ ಸಣ್ಣ ಅಕ್ಷರದಲ್ಲಿ ತಲೆತಗ್ಗಿಸಿ ನಿಂತಿರುವ "ಫೋಟೋ ಕೃಪೆ",
ಮಾರ್ಲಿಸ್ ಡ್ವೊರಾಕ್
ವೆಂಡೆಲ್ ಕ್ರಾಸಿಂಗ್

(ಈ ಸಲ ಕನ್ನಡಕ ಹಾಕಿಕೊಂಡೇ ಸಹಿ ಮಾಡಿದ್ದಾಳೆ. ಸಾಕ್ಷಿ: ಲವೋನ್.)